ಕುಡಿತ ಬಿಟ್ಟವರಿಗೆ ತಕ್ಕ ಸಭೆ: ಹುಡುಕುವ ಬಗೆ



ಕೊಳೆರೋಗ, ಕಾಯಿಕೊರಕ, ಗೊಬ್ಬರದ ಲೆಕ್ಕ ಇವುಗಳಿಗೆ ಮೀಸಲಾದ ಈ ಪುಟದಲ್ಲಿ ಈ ಸಲ ಬೇರೊಂದು ರೋಗದ ವಿಚಾರ. ಅದಕ್ಕೆ ಕಾರಣವಿದೆ. ನಮ್ಮ ಕಡೆಯ ಬೆಳೆಗಾರರೊಬ್ಬರು ಮೂರು ತಿಂಗಳು ಕುಡಿತ ಬಿಟ್ಟಿದ್ದರು. ನಾನೇ ಹೇಳಿ ಅವರನ್ನು ಪಟ್ಟಣದ ಸಭೆಯೊಂದಕ್ಕೆ ಕಳುಹಿಸಿದೆ. ಅಲ್ಲಿ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತಂತೆ. "ಇದು ನನಗೆ ಆಗಿಬರುವುದಿಲ್ಲ" ಎಂದು ಹಿಂತಿರುಗಿದರು. ಕಾಫಿ ಮಾರಿದ ಹಣ ಕೈಗೆ ಬಂದ ವಾರವೇ ಕುಡಿತ ಮತ್ತೆ ಶುರುವಾಯಿತು. ಮರುವರ್ಷ ಎರಡು ಎಕರೆ ತೋಟ ಕೈಬಿಟ್ಟಿತು. ಒಂದು ಸಭೆ ಕಂಡು ಎಲ್ಲವೂ ಹೀಗೆಯೇ ಎಂದುಕೊಂಡದ್ದು ಅವರ ತಪ್ಪು. ಇನ್ನೊಂದನ್ನು ನೋಡಿ ಎಂದು ಹೇಳದೆ ಹೋದದ್ದು ನನ್ನ ತಪ್ಪು. ಈ ಲೇಖನ ಅದಕ್ಕಾಗಿ.

ಮೊದಲು ವೈದ್ಯರು

ದಿನನಿತ್ಯ ಹೆಚ್ಚಾಗಿ ಕುಡಿಯುವವರು ಮನೆಯಲ್ಲಿಯೇ ಒಮ್ಮೆಗೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ, ಇಲ್ಲದ್ದು ಕಾಣುತ್ತದೆ. ಇದು ಪ್ರಾಣಕ್ಕೇ ಅಪಾಯ. ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಾಗಲಿ ತೋರಿಸಿಕೊಂಡೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಶರೀರ ಸುಧಾರಿಸಿದ ಮೇಲೆ ಸಭೆಯ ಕೆಲಸ ಆರಂಭ.

ಸಭೆ ಎಂದರೇನು?

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಹುಟ್ಟಿತು. ಕುಡಿತಕ್ಕೆ ಸಿಲುಕಿದ್ದ ಒಬ್ಬ ಷೇರು ವ್ಯವಹಾರದವ ಮತ್ತು ಒಬ್ಬ ವೈದ್ಯ ಪರಸ್ಪರ ಮಾತಾಡಿಕೊಂಡೇ ಬಿಟ್ಟರು. ಅದರ ಬೀಜ ಇಷ್ಟೇ: ಕುಡಿತದಲ್ಲಿ ಬೆಂದವನ ಮಾತನ್ನು ಇನ್ನೊಬ್ಬ ಬೆಂದವನು ಕೇಳುತ್ತಾನೆ. ಸೇರಲು ಕುಡಿತ ಬಿಡುವ ಇಚ್ಛೆಯೊಂದೇ ಅರ್ಹತೆ. ಶುಲ್ಕವಿಲ್ಲ, ಹೊರಗಿನ ದಾನ ಸ್ವೀಕರಿಸುವುದಿಲ್ಲ. ಅಲ್ಲಿ ಕಂಡವರ ಹೆಸರನ್ನು, ಕೇಳಿದ ಮಾತನ್ನು ಹೊರಗೆ ಒಯ್ಯಬಾರದು. ಮೊದಲ ದಿನ ಮಾತಾಡಲೇಬೇಕೆಂಬ ನಿರ್ಬಂಧವೂ ಇಲ್ಲ. ಮುಚ್ಚಿದ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ; ತೆರೆದ ಸಭೆಗೆ ಮನೆಯವರೂ ಬರಬಹುದು.

ನಮ್ಮ ನಾಡಿನಲ್ಲಿ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆರಂಭವಾಯಿತು. ಅದರ ಜೊತೆಗೂಡಿ ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯವೆಂದು ನನ್ನ ಅಭಿಪ್ರಾಯ. ನೆಟ್ಟ ಗಿಡಕ್ಕೆ ಮೊದಲ ಬೇಸಿಗೆಯ ನೆರಳು ಹೇಗೋ, ಬಿಟ್ಟವನಿಗೆ ಮೊದಲ ವರ್ಷದ ಜೊತೆ ಹಾಗೆ. ಮಾರನಹಳ್ಳಿಯವರಿಗೆ ಘಾಟಿ ಇಳಿದು ಗುಂಡ್ಯದ ಮೇಲೆ ಧರ್ಮಸ್ಥಳ ದೂರವೇನಲ್ಲ. ಭಜನೆ, ಪ್ರಾರ್ಥನೆ ಒಗ್ಗುವವರಿಗೆ ಇದು ಹಿತ. ಒಗ್ಗದವರು ಬೇರೆ ಸಭೆ ಹುಡುಕಲಿ, ಬಿಡುವ ಮನಸ್ಸನ್ನು ಮಾತ್ರ ಕೈಬಿಡದಿರಲಿ.

ಆಯ್ಕೆಗೆ ಐದು ಮಾತು

1. ಭಾಷೆ: ನಿಮ್ಮ ಮನಸ್ಸು ಯಾವ ಭಾಷೆಯಲ್ಲಿ ಅಳುತ್ತದೆಯೋ ಆ ಭಾಷೆಯ ಸಭೆ ನೋಡಿ. ಹೋಗುವ ಮುಂಚೆ ಫೋನಿನಲ್ಲಿ ಇದನ್ನು ಕೇಳಬಹುದು.

2. ದೂರ ಮತ್ತು ವೇಳೆ: ಜುಲೈ ಮಳೆಯಲ್ಲೂ ಜನವರಿ ಕೊಯ್ಲಿನಲ್ಲೂ ತಲುಪಬಹುದೇ? ಕೊನೆಯ ಬಸ್ಸು ಸಿಕ್ಕುತ್ತದೆಯೇ? ಬಿಡುವಿನ ಕಾಲದಲ್ಲಿ ಮಾತ್ರ ಹೋಗಬಹುದಾದ ಸಭೆ ಹಣ ಕೈಸೇರುವ ಕಾಲಕ್ಕೆ ಒದಗುವುದಿಲ್ಲ. ರಸ್ತೆ ಕಟ್ಟಿದಾಗ ಮೊಬೈಲಿನ ಮೇಲೆ ನಡೆಯುವ ಸಭೆಗಳೂ ಈಗ ಉಂಟು.

3. ಗುಟ್ಟು: ಊರಿನಲ್ಲಿ ಗುರುತಿನವರು ಸಿಕ್ಕಾರು ಎಂಬ ಅಂಜಿಕೆ ಸಹಜ. ಅಂಥವರು ಪಕ್ಕದ ಪಟ್ಟಣಕ್ಕೆ ಹೋಗಲಿ. ಆದರೆ ಅಲ್ಲಿ ಸಿಕ್ಕ ಗುರುತಿನವನೂ ಅದೇ ಕಾರಣಕ್ಕೆ ಬಂದವನು ಎಂಬುದು ನೆನಪಿರಲಿ.

4. ಹಳಬರು: ವರ್ಷಗಟ್ಟಲೆ ಕುಡಿಯದೆ ಇರುವವರು ಅಲ್ಲಿ ಇದ್ದಾರೆಯೇ? ರಾತ್ರಿ ಹನ್ನೊಂದಕ್ಕೆ ಆಸೆ ಹತ್ತಿದರೆ ಫೋನ್ ಮಾಡಬಹುದಾದ ಒಬ್ಬರಾದರೂ ಬೇಕು.

5. ಎಚ್ಚರಿಕೆ: ಹಣ ಕೇಳುವ, ಗದರಿಸುವ, ವೈದ್ಯರ ಮಾತ್ರೆ ಬಿಡಿ ಎನ್ನುವ ಕಡೆ ನಿಲ್ಲಬೇಡಿ.

ಕನಿಷ್ಠ ಐದಾರು ಸಭೆ, ಸಾಧ್ಯವಾದರೆ ಎರಡು ಮೂರು ಕಡೆ, ನೋಡದೆ ತೀರ್ಮಾನ ಮಾಡಬೇಡಿ. ನಡುವೆ ಜಾರಿ ಕುಡಿದಿದ್ದರೆ ನಾಚಿ ಮನೆಯಲ್ಲಿ ಕೂರದೆ ಮುಂದಿನ ಸಭೆಗೆ ಹೋಗಿ. ಅಂಥವರಿಗಾಗಿಯೇ ಸಭೆ ಇರುವುದು.

ವಿಳಾಸ ತಿಳಿಯದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್, ಸಂಖ್ಯೆ 14416, ಕನ್ನಡದಲ್ಲಿಯೂ ಮಾತಾಡುತ್ತದೆ. ಕುಡಿಯುವವರ ಮನೆಯವರಿಗೆಂದು 1951ರಿಂದ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ. ಗಂಡ ಬರಲೊಪ್ಪದಿದ್ದರೂ ಹೆಂಡತಿ ತನ್ನ ಪಾಲಿನ ನೆಮ್ಮದಿಗೆ ಹೋಗಬಹುದು.

ಕೊನೆಗೆ ಒಂದು ಮಾತು. ಮಳೆಗೆ, ಚಳಿಗೆ ಒಂದಿಷ್ಟು ಬೇಕು ಎನ್ನುವುದು ಮಲೆನಾಡಿನ ಹಳೆಯ ನೆಪ. ಮದ್ಯ ಚರ್ಮವನ್ನು ಬಿಸಿಯೆನ್ನಿಸಿ ಒಳಗಿನ ಕಾವನ್ನು ಕಳೆಯುತ್ತದೆ. ಬಿಟ್ಟ ನೆರೆಯವರು ಮನೆಗೆ ಬಂದರೆ ಬಿಸಿ ಕಾಫಿ ಕೊಡಿ. ಸಭೆಯ ದಿನ ಅವರಿಗೆ ನಿಮ್ಮ ಜೀಪಿನಲ್ಲಿ ಜಾಗ ಕೊಡಿ. ನಾನು ಅಂದು ಕಳುಹಿಸಿದೆ, ಜೊತೆಗೆ ಹೋಗಲಿಲ್ಲ. ಸದಸ್ಯರು ಆ ತಪ್ಪು ಮಾಡಬಾರದೆಂದು ವಿನಂತಿ.

— ಕಾರ್ಯದರ್ಶಿ