ಪಿತ್ತಕೋಶದ ವ್ಯಾಧಿಯುಳ್ಳವರ ಉಪವಾಸ ಮತ್ತು ಪಾರಣೆ

ದಶಲಕ್ಷಣ ಪರ್ವದಲ್ಲಿ ಉಪವಾಸ ಕೈಗೊಂಡ ಶ್ರಾವಕ-ಶ್ರಾವಿಕೆಯರಲ್ಲಿ ಕೆಲವರಿಗೆ, ಪಾರಣೆ ಮುಗಿದ ಸ್ವಲ್ಪ ಹೊತ್ತಿನಲ್ಲಿಯೇ ಬಲ ಪಕ್ಕೆಲುಬಿನ ಕೆಳಗೆ ತೀವ್ರವಾದ ಶೂಲೆ ಏಳುವುದುಂಟು. ನೋವು ಬೆನ್ನಿಗೂ ಬಲಭುಜಕ್ಕೂ ಹರಿಯುತ್ತದೆ. ವಾಯುವೆಂದು ಬಗೆದು ಓಮದ ನೀರು ಕುಡಿದು ಸುಮ್ಮನಾಗುವವರೇ ಹೆಚ್ಚು. ಇದು ಪಿತ್ತಕೋಶದ ಕಲ್ಲಿನ ಲಕ್ಷಣವಾಗಿರಬಹುದು.

ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಈ ಕೋಶದಲ್ಲಿ ಸಂಗ್ರಹವಾಗಿರುತ್ತದೆ. ಜಿಡ್ಡಿನ ಆಹಾರವು ಕರುಳಿಗಿಳಿದಾಗ ಕೋಶವು ಸಂಕೋಚಗೊಂಡು ಅದನ್ನು ಹೊರಬಿಡುತ್ತದೆ. ಪ್ರೋಷಧೋಪವಾಸದಲ್ಲಿ ಧಾರಣೆಯ ಏಕಭುಕ್ತದಿಂದ ಪಾರಣೆಯವರೆಗೆ 16 ಪ್ರಹರ, ಎಂದರೆ 48 ಗಂಟೆಗಳ ಕಾಲ, ಕೋಶಕ್ಕೆ ಕೆಲಸವಿಲ್ಲ. ರಸವು ನಿಂತಲ್ಲಿಯೇ ಸಾಂದ್ರವಾಗುತ್ತದೆ. ಇಂಥ ದೀರ್ಘ ಉಪವಾಸಗಳು ಮತ್ತೆ ಮತ್ತೆ ಬಂದರೆ ಕಲ್ಲು ಬೆಳೆಯಲು ಅನುಕೂಲ. ಅದರ ಮೇಲೆ ಪಾರಣೆಗೆ ತುಪ್ಪ ಸುರಿದ ಹೋಳಿಗೆ, ಕರಿದ ಪೂರಿ, ಕಾಯಿಹಾಲಿನ ಪಾಯಸ ಬಡಿಸಿದರೆ ಕೋಶವು ಬಲವಾಗಿ ಹಿಂಡಿಕೊಂಡು ಕಲ್ಲನ್ನು ನಾಳದ ಬಾಯಿಗೆ ತಳ್ಳುತ್ತದೆ. ಮನೆಯವರ ಆದರವೇ ಇಲ್ಲಿ ಶೂಲೆಗೆ ಕಾರಣವಾಗುತ್ತದೆ!

ಬಾಹ್ಯತಪವು ಆರು ವಿಧ. ನಮ್ಮವರು ಅನಶನವನ್ನೊಂದೇ ತಪವೆಂದು ಎಣಿಸುತ್ತಾರೆ. ಅದೇ ಸೂತ್ರದಲ್ಲಿ ಅವಮೋದರ್ಯವೂ ರಸಪರಿತ್ಯಾಗವೂ ಇವೆ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ-ತಪಗಳ ಹಿಂದೆ ಉಮಾಸ್ವಾಮಿಗಳು 'ಶಕ್ತಿತಃ' ಎಂಬ ಪದವನ್ನಿಟ್ಟಿರುವುದನ್ನು ಗಮನಿಸಬೇಕು. ಕಲ್ಲುಳ್ಳವರಿಗೆ ಅವಮೋದರ್ಯವೇ ಯುಕ್ತವಾದ ತಪ: ಹಗಲಿನಲ್ಲಿಯೇ ಎರಡು ಮೂರು ಬಾರಿ ಅಲ್ಪಾಹಾರ. ಗಂಜಿ, ಹೆಸರುಬೇಳೆಯ ತಿಳಿ, ಬೇಯಿಸಿದ ಸೋರೆ ಅಥವಾ ಪಡವಲ, ಬೆಣ್ಣೆ ತೆಗೆದ ಮಜ್ಜಿಗೆ. ಪರ್ವದಿನ ಹಸಿರು ಬಿಟ್ಟವರಿಗೆ ಬೇಳೆ-ಗಂಜಿ ಸಾಕು. ರಸಪರಿತ್ಯಾಗದಲ್ಲಿ ಒಂದು ಎಚ್ಚರಿಕೆ: ತುಪ್ಪ, ಎಣ್ಣೆ ಎರಡನ್ನೂ ತಿಂಗಳುಗಟ್ಟಲೆ ಬಿಟ್ಟರೆ ಕೋಶವು ಮತ್ತೆ ನಿಶ್ಚಲವಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಚಿಕ್ಕ ಚಮಚದಷ್ಟು ಇಟ್ಟುಕೊಳ್ಳುವುದು ಲೇಸು. ಯಾವ ಪಥ್ಯದಿಂದಲೂ ಇದ್ದ ಕಲ್ಲು ಕರಗದು. ಶೂಲೆ ಮರುಕಳಿಸದಂತೆ ತಡೆಯಲು ಮಾತ್ರ ಅದು ಸಹಾಯಕ.

ನನ್ನ ಅಕ್ಕನವರು ವ್ರತಭಂಗದ ಭಯದಿಂದ ಮೂರು ಪರ್ವಗಳಲ್ಲಿ ನೋವನ್ನು ಮುಚ್ಚಿಟ್ಟರು. ಕಣ್ಣು ಹಳದಿಯಾದ ಮೇಲೆಯೇ ನಮಗೆ ತಿಳಿದುದು, ಶಸ್ತ್ರಚಿಕಿತ್ಸೆಯಿಂದ ಉಳಿದರು. ನಿಯಮ ಪಡೆದಾಗಿದ್ದರೆ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಪಡೆಯಲು ಅವಕಾಶವಿದೆ. ಅಭ್ಯಂತರ ತಪಗಳಲ್ಲಿ ಅದೇ ಮೊದಲನೆಯದು. ಆದರೆ ಶೂಲೆಯೊಡನೆ ಚಳಿಜ್ವರ, ಕಾಮಾಲೆ ಅಥವಾ ನಿಲ್ಲದ ವಾಂತಿ ಕಂಡಲ್ಲಿ ರಾತ್ರಿಯೆಂದು ಬೆಳಗಿನವರೆಗೆ ಕಾಯದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು.