“ಶಾಂತ ರಾತ್ರಿ” ಗೀತದ ವೃತ್ತಾಂತವು

ಕ್ರಿಸ್‌ಮಸ್ ಕಾಲದಲ್ಲಿ ಬೆಂಗಳೂರಿನ ಜಯನಗರದಲ್ಲಿ ಸಭೆಯ ಗಾಯಕರು ಮನೆಮನೆಗೆ ಹೋಗಿ ಹಾಡುವ “ಶಾಂತ ರಾತ್ರಿ” ಎಂಬ ಗೀತವು ಆಸ್ಟ್ರಿಯ ದೇಶದ ಚಿಕ್ಕ ಊರಾದ ಒಬೆರ್ನ್‌ಡೋರ್ಫಿನಲ್ಲಿ ಹುಟ್ಟಿತು. ಯೋಸೇಫ್ ಮೋರ್ ಎಂಬ ಬಡ ಪಾದ್ರಿಯು 1816ರಲ್ಲಿ ಪದಗಳನ್ನು ಬರೆದಿದ್ದನು. 1818ರ ಡಿಸೆಂಬರ್ 24ರಂದು ನೆರೆಯೂರಿನ ಉಪಾಧ್ಯಾಯನಾದ ಫ್ರಾಂಜ್ ಗ್ರೂಬರನು ಅವುಗಳಿಗೆ ರಾಗ ಕೂಡಿಸಿದನು. ಆ ರಾತ್ರಿಯೇ ಇಬ್ಬರೂ ಗಿಟಾರಿನೊಡನೆ ಅದನ್ನು ಹಾಡಿದರು. ಇಲಿಗಳು ಆರ್ಗನ್ನನ್ನು ಕಡಿದುವೆಂಬ ಕಥೆಯು ಗ್ರೂಬರನ ಬರಹದಲ್ಲಿಲ್ಲ. ನಾವು ಅದನ್ನು ನಂಬೆವು. ರಾಗವು ಜೋಗುಳದಂಥದು, ವಾದ್ಯವಿಲ್ಲದ ಹಳ್ಳಿಯ ಸಭೆಯೂ ಹಾಡಬಲ್ಲದು. ಆದುದರಿಂದಲೇ ಅದು ದೇಶದೇಶಗಳಿಗೆ ಹಬ್ಬಿತು. ಕರ್ತರ ಹೆಸರುಗಳೋ ಮರೆತುಹೋದವು. 1848ರಲ್ಲಿ ಮೋರನು ತೀರಿಹೋದನು. 1854ರಲ್ಲಿ ಬರ್ಲಿನಿನವರು ವಿಚಾರಿಸಿದಾಗ ಗ್ರೂಬರನು ನಿಜವನ್ನು ಬರೆದು ತಿಳಿಸಬೇಕಾಯಿತು. ಮೋರನ ಕೈಬರಹದ ಪ್ರತಿಯು 1995ರಲ್ಲಿ ದೊರೆಯಿತು. ರಾಗವು ಗ್ರೂಬರನದೆಂದು ಅವನೇ ಅದರಲ್ಲಿ ಬರೆದಿಟ್ಟಿದ್ದನು.