ನಿಮಗೆ ಏನು ಕಾಣಬೇಕು?

ಕಣ್ಣಿನ ಪೊರೆಯ ಆಪರೇಶನ್ ಮಾಡುವವರು ಡಾಕ್ಟರು. ಅದಕ್ಕೆ ಮೊದಲು ಕಣ್ಣು ಅಳೆದು ಯಾವ ಪವರಿನ ಲೆನ್ಸ್ ಬೇಕೆಂದು ಲೆಕ್ಕ ಕೊಡುವುದು, ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜನರ ನಡುವೆ ಇಪ್ಪತ್ತು ವರ್ಷಕ್ಕೂ ಮೀರಿ ಇದನ್ನು ಮಾಡಿದ್ದೇನೆ. ಅಲ್ಲಿ ಕಲಿತ ಕೆಲವು ಪಾಠಗಳಿವು.

1. ಪೊರೆ ಹಣ್ಣಾಗಲಿ ಎಂದು ಕಾಯಬೇಡಿ

"ಇನ್ನೂ ಹಣ್ಣಾಗಿಲ್ಲ ಕಣಪ್ಪ, ಆಲೂಗಡ್ಡೆ ಕಿತ್ತ ಮೇಲೆ ನೋಡಾನ" ಎನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಆ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ನೇತ್ರ ಶಿಬಿರ ನಡೆಸುತ್ತಿದ್ದ ದಿನಗಳಲ್ಲಿ ಕಣ್ಣಿನೊಳಗಿನ ಮಸೂರವನ್ನು ಇಡಿಯಾಗಿ ತೆಗೆಯುವ ಪದ್ಧತಿ ಇತ್ತು. ಬಲಿತ ಪೊರೆ ಸಲೀಸಾಗಿ ಬರುತ್ತಿತ್ತು. ತೆಗೆದ ಜಾಗದಲ್ಲಿ ಏನನ್ನೂ ಇಡುತ್ತಿರಲಿಲ್ಲ, ಸೋಡಾಬುಡ್ಡಿ ಕನ್ನಡಕವೇ ಗತಿ. ಆ ಕನ್ನಡಕ ಹಾಕಿಕೊಂಡು ಕಾಣುವುದಕ್ಕಿಂತ ಪೊರೆಯಲ್ಲೇ ಕಾಣುವುದು ವಾಸಿ ಎನ್ನುವಷ್ಟು ದಿನ ಜನ ಕಾಯುತ್ತಿದ್ದರು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರ ನವೆಂಬರಿನಲ್ಲೇ ಮೊದಲ ಕೃತಕ ಲೆನ್ಸ್ ಕೂರಿಸಿದ್ದರೂ ಅದು ನಮ್ಮ ಹಳ್ಳಿಗಳನ್ನು ಮುಟ್ಟಲು ದಶಕಗಳೇ ಹಿಡಿದವು.

ಈಗ ಹೆಚ್ಚಾಗಿ ಪೊರೆಯನ್ನು ಕಣ್ಣೊಳಗೇ ಒಡೆದು ತೆಗೆಯುವುದರಿಂದ ಲೆಕ್ಕ ತಿರುವುಮುರುವಾಗಿದೆ. ಪೊರೆ ಬಲಿತಷ್ಟೂ ಕಲ್ಲಾಗುತ್ತದೆ, ಒಡೆಯಲು ಅಲ್ಟ್ರಾಸೌಂಡ್ ಹೆಚ್ಚು ಬೇಕು, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಗೆ ಏಟು ಹೆಚ್ಚು. ತೀರಾ ಹಣ್ಣಾದದ್ದು ಊದಿಕೊಂಡು ಕಣ್ಣಿನ ಒತ್ತಡ ಏರಿದರೆ ನರ ಹಾಳಾಗುತ್ತದೆ, ಆ ದೃಷ್ಟಿ ಮತ್ತೆ ಬರುವುದಿಲ್ಲ. ಮೊರದಲ್ಲಿ ಕಲ್ಲು ಆರಿಸಲು ಆಗುತ್ತಿಲ್ಲ, ಬಸ್ಸಿನ ಬೋರ್ಡು ಮಬ್ಬು, ಎದುರಿನ ಗಾಡಿಯ ಲೈಟು ಕಣ್ಣು ಕುಕ್ಕುತ್ತದೆ ಎಂದರೆ ಸಮಯ ಬಂತು ಎಂದೇ ತಿಳಿಯಿರಿ. ಪೊರೆ ಇದ್ದೂ ಕೆಲಸಕ್ಕೆ ತೊಡಕಿಲ್ಲದವರಿಗೆ ಸಾಮಾನ್ಯವಾಗಿ ಅವಸರವಿಲ್ಲ. ಡ್ರಾಪ್ಸ್ ಹಾಕಿ ಕರಗಿಸುತ್ತೇವೆ ಎನ್ನುವವರ ಹತ್ತಿರ ಮಾತ್ರ ಹೋಗಬೇಡಿ.

2. ಲೆನ್ಸಿನ ಬೆಲೆಗಿಂತ ಅಳತೆ ದೊಡ್ಡದು

ಇದು ನನ್ನ ತಪ್ಪಿನಿಂದ ಕಲಿತದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಮರಗಟ್ಟಿಸುವ ಡ್ರಾಪ್ಸ್ ಹಾಕಿ ಪೆನ್ನಿನಂಥ ಪ್ರೋಬನ್ನು ಕಣ್ಣಿಗೆ ತಾಗಿಸಿ ಗುಡ್ಡೆಯ ಉದ್ದ ಅಳೆಯುತ್ತಿದ್ದೆವು. ಕಣ್ಣಿನ ಉದ್ದ ಸಾಮಾನ್ಯವಾಗಿ 23-24 ಮಿಲಿಮೀಟರ್. ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ಪವರಿನಲ್ಲಿ ಎರಡೂವರೆ, ಮೂರರಷ್ಟು ತಪ್ಪುತ್ತದೆ. ಚನ್ನರಾಯಪಟ್ಟಣ ಕಡೆಯ ಒಬ್ಬ ಅಜ್ಜಿಗೆ ಅಳೆಯುವಾಗ ನನ್ನ ಕೈ ಸ್ವಲ್ಪ ಒತ್ತಿತು. ಗುಡ್ಡೆ ಅದುಮಿ ಉದ್ದ ಕಡಿಮೆ ತೋರಿಸಿತು, ಲೆಕ್ಕ ಹೆಚ್ಚು ಪವರಿನ ಲೆನ್ಸ್ ಹೇಳಿತು. ಆಪರೇಶನ್ ಅಚ್ಚುಕಟ್ಟಾಗಿತ್ತು, ಆದರೂ ಕಟ್ಟು ಬಿಚ್ಚಿದ ಮೇಲೆ ಅಜ್ಜಿಗೆ ಕೈಯಲ್ಲಿದ್ದ ಬಳೆ ಕಂಡಿತು, ಬಾಗಿಲಲ್ಲಿ ನಿಂತ ಮಗನ ಮುಖ ಕಾಣಲಿಲ್ಲ. "ಲೆನ್ಸ್ ಕಡಿಮೆ ದುಡ್ಡಿಂದಾ ಹಾಕ್ಬುಟ್ರಾ?" ಎಂದು ಮಗ ಕೇಳಿದ. ಲೆನ್ಸ್ ಚೆನ್ನಾಗಿಯೇ ಇದೆ, ಅಳತೆ ನನ್ನದು ತಪ್ಪಿತು ಎಂದು ಅವನಿಗೆ ಹೇಳಿದೆ. ಅಜ್ಜಿ ದೂರಕ್ಕೆ ಕನ್ನಡಕ ಹಾಕಿಕೊಳ್ಳಬೇಕಾಯಿತು.

ಅಂದಿನಿಂದ ಎರಡೂ ಕಣ್ಣು ಅಳೆಯದೆ ಬಿಟ್ಟಿಲ್ಲ. ಎರಡರ ನಡುವೆ 0.3 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯುತ್ತೇನೆ. ಬೆಳಕಿನಿಂದ ಅಳೆಯುವ ಈಗಿನ ಯಂತ್ರ ಕಣ್ಣನ್ನು ಮುಟ್ಟುವುದೇ ಇಲ್ಲ. ಆದರೆ ಕಲ್ಲಾದ ಪೊರೆಯೊಳಗೆ ಆ ಬೆಳಕು ತೂರದು, ಪುನಃ ಹಳೇ ಪ್ರೋಬೇ ಬೇಕು. ತಡ ಮಾಡಬೇಡಿ ಎಂದು ಬೇಡಿಕೊಳ್ಳಲು ನನಗೆ ಇದೂ ಒಂದು ಕಾರಣ.

3. ಲೆನ್ಸ್ ಕೇಳುವ ಮೊದಲು ದಿನಚರಿ ಹೇಳಿ

"ಯಾವುದು ಬೆಸ್ಟ್ ಲೆನ್ಸ್?" ಎನ್ನುವ ಪ್ರಶ್ನೆಗೆ ನಾನು ತಿರುಗಿ ಕೇಳುವುದು: ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮಗೆ ಏನು ಕಾಣಬೇಕು?

ಅರಕಲಗೂಡು ತಾಲ್ಲೂಕಿನಿಂದ, ರಾಮನಾಥಪುರದ ಹರಾಜಿಗೆ ತಂಬಾಕು ಹಾಕುವ ಒಬ್ಬ ಯಜಮಾನರು ಬಂದಿದ್ದರು. ಬ್ಯಾರನ್ನಿನಲ್ಲಿ, ಅಂದರೆ ತಂಬಾಕು ಹದ ಮಾಡುವ ಮನೆಯಲ್ಲಿ, ಬೇಯಿಸಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವುದರಲ್ಲಿ ಅವರ ಕೈ ಪಳಗಿದ್ದು. ಎರಡು ವರ್ಷದಿಂದ ಗ್ರೇಡ್ ತಪ್ಪುತ್ತಿದೆ ಎಂದು ಮನೆಯಲ್ಲಿ ಜಗಳ. ಪೊರೆ ಕಣ್ಣೊಳಗೆ ಹಳದಿ ಗಾಜು ಇಟ್ಟಂತೆ. ಎಲ್ಲ ಎಲೆಯೂ ಒಂದೇ ಬಣ್ಣಕ್ಕೆ ತಿರುಗುತ್ತದೆ. ಒಂದು ಕಣ್ಣಿನ ಆಪರೇಶನ್ ಆದ ತಿಂಗಳಿಗೆ ಜೇಬಿನಲ್ಲಿ ಒಂದು ಎಲೆ ಮಡಚಿಟ್ಟುಕೊಂಡು ಬಂದರು. ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. "ಒಂದೇ ಎಲೆ ಸ್ವಾಮಿ, ಈ ಕಣ್ಣಲ್ಲಿ ನಿಂಬೆ ಬಣ್ಣ, ಈ ಕಣ್ಣಲ್ಲಿ ಬೆಲ್ಲದ ಬಣ್ಣ." ಅವರಿಗೆ ಹಾಕಿದ್ದು ಒಂದೇ ದೂರಕ್ಕೆ ಹೊಂದಿಸಿದ ಸಾದಾ ಮೋನೋಫೋಕಲ್ ಲೆನ್ಸ್. ಬಣ್ಣದ ಸೂಕ್ಷ್ಮ ಬೇಕಾದವರಿಗೆ ಇವತ್ತಿಗೂ ನಾನು ಅದನ್ನೇ ಹೇಳುವುದು.

ಮಲ್ಟಿಫೋಕಲ್ ಲೆನ್ಸ್ ದೂರಕ್ಕೂ ಹತ್ತಿರಕ್ಕೂ ಬೆಳಕನ್ನು ಹಂಚುತ್ತದೆ. ಕನ್ನಡಕದ ಗೋಜು ಕಡಿಮೆಯಾಗುವುದು ನಿಜ. ಹಂಚಿದ ಬೆಳಕಿನಲ್ಲಿ ಸ್ಪಷ್ಟತೆ ಸ್ವಲ್ಪ ತಗ್ಗುವುದೂ, ರಾತ್ರಿ ದೀಪದ ಸುತ್ತ ಬಳೆ ಕಾಣುವುದೂ ಅಷ್ಟೇ ನಿಜ. ರಾತ್ರಿ ಶಿರಾಡಿ ಘಾಟಿ ಇಳಿಯುವ ಲಾರಿ ಚಾಲಕರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿದ್ದರೆ, ಗ್ಲಾಕೋಮಾ ಬಲಿತಿದ್ದರೆ ಅವರಿಗೂ ಬೇಡ. ಟೋರಿಕ್ ಲೆನ್ಸ್ ಬೇಕಾಗುವುದು ಕಾರ್ನಿಯಾದ ಬಾಗು ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಇಲ್ಲದವರಿಗೆ. ಅದು ಇದೆಯೋ ಇಲ್ಲವೋ ಅಳತೆಯ ಚೀಟಿಯಲ್ಲೇ ಗೊತ್ತಾಗುತ್ತದೆ, ಕೇಳಿ ನೋಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಜೀವಮಾನವಿಡೀ ಮೈನಸ್ ಕನ್ನಡಕ ಹಾಕಿ, ಓದುವಾಗ ಅದನ್ನು ತೆಗೆದಿಡುವ ಅಭ್ಯಾಸದವರು ಇರುತ್ತಾರೆ. ಹೊಳೆನರಸೀಪುರದ ನಿವೃತ್ತ ಮೇಷ್ಟ್ರೊಬ್ಬರು ಹಾಗೆಯೇ. ಅವರಿಗೆ ದೂರಕ್ಕೆ ಸರಿಹೋಗುವ ಲೆನ್ಸ್ ಹಾಕಿದ್ದರೆ ಪೇಪರ್ ಓದಲು ಕನ್ನಡಕ ಹುಡುಕಬೇಕಾಗುತ್ತಿತ್ತು. ಮೊದಲೇ ಮಾತಾಡಿದ್ದರಿಂದ ಹತ್ತಿರಕ್ಕೇ ಹೊಂದಿಸಿದೆವು.

4. ಲೆನ್ಸಿಗೆ ಸಾಲ ಮಾಡಬೇಡಿ

ಅಪ್ಪನಿಗೆ "ಫಾರಿನ್ ಲೆನ್ಸ್" ಹಾಕಿಸಲು ಹಸು ಮಾರಿ ಬಂದ ಮಗನನ್ನು ಕಂಡಿದ್ದೇನೆ. ನನಗೆ ತುಂಬಾ ನೋವಾಯಿತು. ಮದುರೈನ ಅರವಿಂದ್ ಆಸ್ಪತ್ರೆಯವರು 1992ರಲ್ಲಿ ಆರೋಲ್ಯಾಬ್ ಶುರು ಮಾಡಿದ ಮೇಲೆ ನಮ್ಮ ದೇಶದಲ್ಲೇ ಕಡಿಮೆ ಬೆಲೆಗೆ ಲೆನ್ಸ್ ತಯಾರಾಗುತ್ತಿದೆ, ಹೊರದೇಶಗಳಿಗೂ ಹೋಗುತ್ತಿದೆ. ಗಟ್ಟಿ ಲೆನ್ಸಿಗೆ ಗಾಯ ಆರು ಮಿಲಿಮೀಟರಿನಷ್ಟು, ಮಡಚುವ ಲೆನ್ಸಿಗೆ ಮೂರಕ್ಕಿಂತ ಕಡಿಮೆ. ಮಡಚುವುದರಲ್ಲಿ ಗಾಯ ಬೇಗ ಮಾಯುತ್ತದೆ, ಅಷ್ಟಕ್ಕೆ ಅದು ಮೇಲು. ಪಳಗಿದ ಕೈ ಗಟ್ಟಿ ಲೆನ್ಸನ್ನೂ ಹೊಲಿಗೆಯಿಲ್ಲದೆ ಕೂರಿಸುತ್ತದೆ, ಅದೂ ಜೀವನಪೂರ್ತಿ ಇರುತ್ತದೆ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಿಂದ ಇದೆ. ಅದರಡಿ ಉಚಿತವಾಗಿ ಲೆನ್ಸ್ ಹಾಕಿಸಿಕೊಳ್ಳುವುದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

5. ಮಾತ್ರೆ ಚೀಟಿ ಪೂರ್ತಿ ತನ್ನಿ

ಮೂತ್ರ ಕಟ್ಟುವುದಕ್ಕೆ ಗಂಡಸರು ನುಂಗುವ ಟಾಮ್ಸುಲೋಸಿನ್ ಮಾತ್ರೆ ಕಣ್ಣಿನ ಪಾಪೆಯ ಸುತ್ತಲಿನ ಪರದೆಯನ್ನು ಸಡಿಲ ಮಾಡಬಹುದು. ನಿಲ್ಲಿಸಿದ್ದರೂ ಹೇಳಿ, ಡಾಕ್ಟರು ಅದಕ್ಕೆ ತಯಾರಾಗಿಯೇ ಒಳಗೆ ಹೋಗುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೇಳದೆ ನೀವಾಗೇ ನಿಲ್ಲಿಸಬೇಡಿ.

6. ಆಮೇಲಿನ ದಿನಗಳು

ಎದೆಹಾಲು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಯಾವುದೂ ಬೇಡ. ಒಲೆ ಮುಂದೆ ಕೂರುವುದು, ಕಣದ ದೂಳು, ತಲೆಗೆ ನೀರು ಹುಯ್ದುಕೊಳ್ಳುವುದು ಡಾಕ್ಟರು ಹೇಳುವವರೆಗೆ ಬೇಡ. ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ, ಕಂಡದ್ದು ಮಬ್ಬಾದರೆ, ಸಂತೆ ಮುಗಿಸಿ ನಾಳೆ ಹೋಗೋಣ ಅನ್ನಬೇಡಿ. ಸೋಂಕಾಗಿದ್ದರೆ ಒಂದು ರಾತ್ರಿಯಲ್ಲೇ ಕಣ್ಣು ಹೋಗಬಹುದು.

ತಿಂಗಳುಗಳೋ ವರ್ಷಗಳೋ ಕಳೆದು "ಮತ್ತೆ ಪೊರೆ ಬಂತು" ಎನ್ನುವವರಿಗೆ ಬಹುಪಾಲು ಆಗಿರುವುದು ಲೆನ್ಸಿನ ಹಿಂದಿನ ತೆಳು ಪದರ ಮಸುಕಾಗಿರುವುದು. ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷದ ಕೆಲಸ.

7. ಸ್ಟಿಕ್ಕರ್ ಜೋಪಾನ

ಹಾಕಿದ ಲೆನ್ಸಿನ ಹೆಸರು, ಪವರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿ ಕೊಡುತ್ತಾರೆ. ಕೊಡದಿದ್ದರೆ ಕೇಳಿ ತೆಗೆದುಕೊಳ್ಳಿ. ಇನ್ನೊಂದು ಕಣ್ಣಿಗೆ ಲೆನ್ಸ್ ಆರಿಸುವಾಗ, ಮೊದಲನೆಯದರಲ್ಲಿ ಎಷ್ಟು ಹಾಕಿದ್ದರು, ಎಷ್ಟು ಕಂಡಿತು ಎನ್ನುವುದರಷ್ಟು ಸಹಾಯ ಮಾಡುವ ಮಾಹಿತಿ ಮತ್ತೊಂದಿಲ್ಲ. ಹಳೇಕೋಟೆ ಕಡೆಯಿಂದ ಬಂದ ಅಜ್ಜಿಯೊಬ್ಬರು ಐದು ವರ್ಷದ ಹಿಂದಿನ ಚೀಟಿ ಇದೆಯಾ ಎಂದು ನಾನು ಕೇಳಿದ್ದಕ್ಕೆ ಎಲೆಅಡಿಕೆ ಸಂಚಿ ಬಿಚ್ಚಿದರು. ರೇಷನ್ ಕಾರ್ಡಿನ ಮಡಿಕೆಯೊಳಗೆ ಇತ್ತು. ಮೂಲೆಗೆ ಸುಣ್ಣ ಹತ್ತಿತ್ತು. ಉಗುರಿನಿಂದ ಕೆರೆದು ನೋಡಿದೆ: 21.5. ಅದನ್ನು ಬರೆದುಕೊಂಡು, ಅವರ ಗಲ್ಲವನ್ನು ಯಂತ್ರದ ಮೇಲೆ ಇಡಿಸಿದೆ.